ಅಶ್ವತ್ಥಪ್ಪ ಗಾಜಿನಲ್ಲಿ ಕಟ್ಟಿದ ಕಲ್ಯಾಣಿ

ಮುಳಬಾಗಿಲಿನ ಪೇಟೆ ಬೀದಿಯಲ್ಲಿ ಅಶ್ವತ್ಥಪ್ಪನಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇತ್ತು. ಹುಟ್ಟಿದ್ದು ಮಾಸ್ತಿಯ ಹತ್ತಿರ, ರಾಗಿ ಬೆಳೆಯುವ ಮನೆಯಲ್ಲಿ. ಗಾಜು ಕೊಯ್ಯುವುದನ್ನು ಮಾಲೂರಿನಲ್ಲಿ ಸೋದರಮಾವನಿಂದ ಕಲಿತಿದ್ದ. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಇವಿಷ್ಟೇ ಅವನ ಕೆಲಸ. ಮಾತು ಕಡಿಮೆ. ನೀರೆಂದರೆ ಹೆದರಿಕೆ. ಚಿಕ್ಕವನಿದ್ದಾಗ ಬಾವಿಗೆ ಜಾರಿ ಬಿದ್ದು ಹಗ್ಗ ಹಿಡಿದು ಮೇಲೆ ಬಂದಿದ್ದ. ಆಮೇಲೆ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವನಲ್ಲ.

ಅವನ ಹೆಂಡತಿ ಆದಿಲಕ್ಷ್ಮಿ ದೇವರಾಯಸಮುದ್ರದವಳು. ಕೆರೆಯ ಪಕ್ಕದಲ್ಲೇ ತವರು. ಸೊಂಟಕ್ಕೆ ಒಣಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವಳು, ದೊಡ್ಡವಳಾದ ಮೇಲೆ ನೀರಿಗಿಳಿಯಬಾರದೆಂದು ತಾಯಿ ಬೈದರೂ ಬಿಟ್ಟಿರಲಿಲ್ಲ.

೧೯೭೫ರ ದಸರೆಗೆ ಇನ್ನೂ ಎರಡು ತಿಂಗಳಿತ್ತು. ವಕೀಲ ಲಕ್ಷ್ಮೀನಾರಾಯಣನ ಹೆಂಡತಿ ಅಂಬಾಬಾಯಿ ಅಂಗಡಿಗೆ ಬಂದಳು. ಅವರ ಮನೆಯ ಗೊಂಬೆ ನೋಡಲು ಊರಿನ ಅರ್ಧ ಹೆಂಗಸರು ಬರುತ್ತಿದ್ದರು. ಎಲ್ಲ ಮನೆಗಳಂತೆ ಅಲ್ಲಿಯೂ ಮರಳಿನ ನಡುವೆ ಕನ್ನಡಿ ಇಟ್ಟು, ಅದರ ಮೇಲೆ ಬಾತುಕೋಳಿ ಕೂರಿಸಿ ಅದನ್ನೇ ಕೊಳ ಎನ್ನುತ್ತಿದ್ದರು.

"ನನಗೆ ಈ ಸಲ ಕಲ್ಯಾಣಿ ಬೇಕು ಅಶ್ವತ್ಥಪ್ಪ. ಮೆಟ್ಟಿಲು ಇರ್ಬೇಕು. ಬಗ್ಗಿ ನೋಡಿದ್ರೆ ಎದೆ ಝಲ್ ಅನ್ಬೇಕು."

"ನೀರು ತುಂಬಿಸಿಟ್ರೆ ಆಗಲ್ವಾ ಅಮ್ನೋರೆ?"

"ತುಂಬಿಸಿ ನೋಡು," ಎಂದು ನಕ್ಕು ಹೋದಳು.

ಅವನು ತುಂಬಿಸಿ ನೋಡಿದ. ತಗಡಿನ ತಟ್ಟೆಯಲ್ಲಿ ನಾಲ್ಕು ಬೆರಳು ನೀರು ನಾಲ್ಕು ಬೆರಳಾಗಿಯೇ ಕಂಡಿತು. ಗಾಜಿನ ಕೆಳಗೆ ನೀಲಿ ಬಣ್ಣ ಬಳಿದ. ಅದು ಬಣ್ಣದ ತಟ್ಟೆಯ ಹಾಗಿತ್ತು. ಕನ್ನಡಿಯಲ್ಲಂತೂ ನೋಡುವವರ ಮುಖವೇ ಕಾಣುತ್ತಿತ್ತು. ಒಂದು ಮಧ್ಯಾಹ್ನ, ಕೊಯ್ದ ಗಾಜುಗಳನ್ನು ಒಂದರ ಮೇಲೊಂದು ಪೇರಿಸುವಾಗ ಅಡಿಯ ಗಾಜು ಹಸಿರಾಗಿರುವುದನ್ನು ಗಮನಿಸಿದ. ಒಂಟಿ ಗಾಜಿಗೆ ಬಣ್ಣವಿಲ್ಲ, ಹತ್ತಾರು ಸೇರಿದರೆ ಹಸಿರು. ಎರಡು ಗಾಜಿನ ನಡುವೆ ಬೆಳಕು ಮಿಂಚಿ ತೊಂದರೆ ಕೊಡುತ್ತಿತ್ತು. ಹರಳೆಣ್ಣೆ ಸವರಿ ಒತ್ತಿದ. ಮಿಂಚು ಹೋಯಿತು. ಅಡಿಗೆ ಬೆಣಚುಕಲ್ಲು ಇಟ್ಟು, ಮೇಲೆ ಮೀನು ಬರೆದು ಹೆಂಡತಿಯನ್ನು ಕರೆದ.

ಆದಿಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. "ಚೆನ್ನಾಗಿದೆ. ಆದ್ರೆ ಆಳ ಇಲ್ಲ. ಮಳೆ ಬಂದ ಮೇಲೆ ಅಂಗಳದಲ್ಲಿ ನಿಂತಿರೋ ನೀರು ಇದು."

"ತಳದವರೆಗೂ ಕಾಣ್ತಿದೆಯಲ್ಲ!"

"ಅದಕ್ಕೇ."

ಅವನಿಗೆ ಅರ್ಥವಾಗಲಿಲ್ಲ. ಭಾನುವಾರ ಅವಳು ಅವನನ್ನು ಬಸ್ಸು ಹತ್ತಿಸಿ ತವರಿಗೆ ಕರೆದುಕೊಂಡು ಹೋದಳು. ಆ ವರ್ಷ ಮಳೆ ಚೆನ್ನಾಗಿ ಬಿದ್ದು ಕೆರೆ ತುಂಬಿತ್ತು. ಬೆಳಿಗ್ಗೆ ಜನ ಹೊಲಕ್ಕೆ ಹೋದ ಮೇಲೆ ಇಬ್ಬರೂ ತೂಬಿನ ಹತ್ತಿರ ಹೋದರು. ಅವಳ ತಮ್ಮ ಪೆದ್ದಪ್ಪ ಏರಿಯ ಮೇಲೆ ಕಾವಲು ನಿಂತ. ಯಾರಾದರೂ ನೋಡಿಯಾರು ಅಂತಲ್ಲ, ಭಾವ ಓಡಿಹೋದಾರು ಅಂತ ಕಾವಲು ನಿಂತಿದ್ದೆ ಎಂದು ಅವನು ಆಮೇಲೆ ಊರಿಗೆಲ್ಲ ಹೇಳಿದ.

ಆದಿಲಕ್ಷ್ಮಿ ಸೀರೆ ಕಚ್ಚೆ ಹಾಕಿಕೊಂಡು ನೀರಿಗಿಳಿದು ಗಂಡನಿಗೆ ಕೈ ಕೊಟ್ಟಳು. ತೂಬಿನ ಮೆಟ್ಟಿಲ ಮೇಲೆ ಎದೆಮಟ್ಟ ನೀರು ಬರುವಷ್ಟರಲ್ಲಿ ಅಶ್ವತ್ಥಪ್ಪನ ಹಲ್ಲು ಕಟಕಟ ಎನ್ನುತ್ತಿತ್ತು.

"ಉಸಿರು ಹಿಡ್ಕೊಂಡು ಮುಖ ಮುಳುಗ್ಸಿ. ಕಣ್ಣು ಬಿಡ್ಬೇಕು."

"ನನ್ ಕೈಲಾಗಲ್ಲ ಕಣೇ."

"ನಾನ್ ಹಿಡ್ಕೊಂಡಿದೀನಲ್ಲ."

ಅವನು ಮುಳುಗಿಸಿ ತಕ್ಷಣ ಎದ್ದ. ಕಣ್ಣು ಬಿಟ್ಟಿರಲಿಲ್ಲ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಅವಳು ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ಒತ್ತಿಹಿಡಿದಳು. ಆಗ ಕಣ್ಣು ಬಿಟ್ಟ. ತನ್ನ ಕೈ ಕಾಣಿಸಿತು. ಮೊಣಕಾಲು ಮಸುಕಾಗಿತ್ತು. ಪಾದ ಇರಲಿಲ್ಲ. ಪಾದದಡಿಯ ಕಲ್ಲು ಅಂಗಾಲಿಗೆ ತಾಗುತ್ತಿತ್ತು, ಕಣ್ಣಿಗೆ ಮಾತ್ರ ಅಲ್ಲಿ ಏನೂ ಇರಲಿಲ್ಲ. ಕಂದು ಬೆರೆತ ಹಸಿರು, ಅದರ ಕೆಳಗೆ ಕತ್ತಲೆ.

ಮೇಲೆ ಬಂದು ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವಳು ಹೇಳದೆಯೇ ಇನ್ನೊಮ್ಮೆ ಮುಖ ಮುಳುಗಿಸಿದ.

ಊರಿಗೆ ಬಂದವನೇ ಗಾಜನ್ನೆಲ್ಲ ಬಿಚ್ಚಿ ಬೆಣಚುಕಲ್ಲು ತೆಗೆದು ಎಸೆದ. ತಳದ ಗಾಜಿಗೆ ಕಪ್ಪಿಗೆ ಹತ್ತಿರದ ಹಸಿರು ಬಳಿದ. ಕಲ್ಯಾಣಿಯ ಮೊದಲ ಮೆಟ್ಟಿಲು ಮೇಲಿನ ಗಾಜಿನಲ್ಲಿ, ಅದರ ಕೆಳಗಿನದು ಅದಕ್ಕಿಂತ ಕೆಳಗಿನ ಗಾಜಿನಲ್ಲಿ ಸ್ವಲ್ಪ ಮಬ್ಬಾಗಿ, ಹೀಗೆ ಬರೆಯುತ್ತ ಹೋದ. ಕೊನೆಯ ಮೆಟ್ಟಿಲು ಇದೆಯೋ ಇಲ್ಲವೋ ಎನ್ನುವಂತಿತ್ತು. ಮೇಲೆ ಒಂದು ಮೀನು ಬೆಳ್ಳಗೆ, ಕೆಳಗೆ ಇನ್ನೊಂದರ ಬೆನ್ನು ಮಾತ್ರ. ನಡುಭಾಗ ಖಾಲಿ ಬಿಟ್ಟ. ಅಂಚಿಗೆ ಗಾಜು ಕೂರಿಸುವ ಪುಟ್ಟಿ ಮೆತ್ತಿ, ಕುಂಬಾರ ಮಾಡಿದ ಮಣ್ಣಿನ ಗೋಡೆ ಕೂರಿಸಿದ. ಹೊರಲು ಇಬ್ಬರು ಬೇಕಾಯಿತು.

ನವರಾತ್ರಿಯ ಮೊದಲ ಸಂಜೆ ಅಂಬಾಬಾಯಿಯ ಅತ್ತೆ ಗುಂಡಮ್ಮ ಮೊಮ್ಮಗಳನ್ನು ಗೊಂಬೆ ತೋರಿಸಲು ಕರೆತಂದಳು. ಮಗು ಕಲ್ಯಾಣಿಯ ಮೇಲೆ ಬಗ್ಗಿದ ಕೂಡಲೇ ಮುದುಕಿ, "ಏ, ಬಿದ್ದೀಯೆ!" ಎಂದು ಲಂಗ ಹಿಡಿದೆಳೆದಳು. ಮನೆಯೆಲ್ಲ ನಕ್ಕಿತು. ಗುಂಡಮ್ಮ ನಗಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿದೆ ಎಂದು ಗೊತ್ತಾದ ಮೇಲೂ ಮಗುವಿನ ಕೈ ಬಿಡಲಿಲ್ಲ.

ಅರಿಶಿನ ಕುಂಕುಮಕ್ಕೆ ಬಂದಿದ್ದ ಆದಿಲಕ್ಷ್ಮಿ ಅಲ್ಲೇ ಕೂತಿದ್ದಳು. ಇದು ಹೇಗೆ ಹೊಳೆಯಿತೆಂದು ವಕೀಲ ಕೇಳಿದಾಗ, ಜೊತೆಗೆ ಬಂದಿದ್ದ ಅಶ್ವತ್ಥಪ್ಪ, "ಗಾಜು ಪೇರಿಸ್ತಾ ಇದ್ದೆ ಸ್ವಾಮಿ, ಹೊಳೀತು," ಎಂದ. ಅವಳು ತಾಂಬೂಲ ತೆಗೆದುಕೊಂಡು ಎದ್ದಳು. ಮನೆ ಬಾಗಿಲು ತೆಗೆಯುವಾಗ, "ಗಾಜು ನಿಮ್ಮ ತಲೆ ಒತ್ತಿ ಹಿಡ್ಕೊಂಡಿತ್ತಾ?" ಎಂದು ಮಾತ್ರ ಕೇಳಿದಳು.

ಆ ಮಾತು ಅವನನ್ನು ಬಿಡಲಿಲ್ಲ. ಕಲ್ಯಾಣಿಯ ಸುದ್ದಿ ಹರಡಿ ಶ್ರೀನಿವಾಸಪುರ, ಕೋಲಾರದಿಂದಲೂ ಜನ ಕೊಳ, ಬಾವಿ ಮಾಡಿಸಿಕೊಂಡು ಹೋಗತೊಡಗಿದ್ದರು. ೧೯೮೧ರಲ್ಲಿ ಕೋಲಾರದ ಒಂದು ವಸ್ತುಪ್ರದರ್ಶನದಲ್ಲಿ ಅವನ ಕೆರೆ ಮಾದರಿಗೆ ಬಹುಮಾನ ಬಂತು. ಶಾಲು ಹೊದಿಸಿ ಎರಡು ಮಾತಾಡಿ ಎಂದರು. ಅಶ್ವತ್ಥಪ್ಪ ಮೈಕಿನ ಮುಂದೆ ನಿಂತು, "ಇದು ನನ್ನ ಬುದ್ಧಿ ಅಲ್ಲ. ನನ್ನ ಹೆಂಡ್ತಿ ಕಚ್ಚೆ ಹಾಕ್ಕೊಂಡು ಕೆರೆಗಿಳಿದು ನನ್ನ ತಲೆ ನೀರೊಳಗೆ ಅದುಮಿದ್ಲು. ಆಗ ಕಂಡಿದ್ದು ಇದು," ಎಂದ. ಸಭೆ ಚಪ್ಪಾಳೆ ತಟ್ಟಿ ನಕ್ಕಿತು.

ಆದಿಲಕ್ಷ್ಮಿ ಮುಂದಿನ ಸಾಲಿನಲ್ಲಿದ್ದಳು. ಬಸ್ಸಿನಲ್ಲಿ ಅವಳ ಮುಖ ಕೆಂಪಾಗಿತ್ತು.

"ಹೇಳಿದ್ನಲ್ಲ, ಇನ್ನೇನು?" ಎಂದ ಅವನು.

"ಕಚ್ಚೆ ಹಾಕಿದ್ದನ್ನೂ ಹೇಳ್ಬೇಕಿತ್ತಾ ಅಷ್ಟು ಜನದ ಮುಂದೆ? ದೇವುಡಾ!"

ಈ ಮುನಿಸು ಹಿಂದಿನದಕ್ಕಿಂತ ದೊಡ್ಡದಾಗಿತ್ತು. ಆದರೂ ಶಾಲನ್ನು ಚಳಿಗಾಲದಲ್ಲಿ ಅವಳೇ ಹೊದ್ದಳು.

ನಾಲ್ಕು ವರ್ಷದ ನಂತರ ಯಾರೋ ಬೆಂಗಳೂರಿನಿಂದ ರಾಳದಂಥ ದ್ರವ ತಂದುಕೊಟ್ಟರು. ಇನ್ನೊಂದು ದ್ರವ ಬೆರೆಸಿ ಸುರಿದರೆ ಗಾಜಿನಂತೆ ಗಟ್ಟಿಯಾಗುತ್ತಿತ್ತು. ಅಶ್ವತ್ಥಪ್ಪ ಆಸೆಯಿಂದ ಒಂದು ಬಾವಿಗೆ ಪೂರ್ತಿ ಒಮ್ಮೆಲೇ ಸುರಿದ. ಅದು ಕಾದು ಹೊಗೆಯಾಡಿ ನಡುವೆ ಸೀಳು ಬಿಟ್ಟಿತು. ವಾಸನೆಗೆ ಪಕ್ಕದ ಅಂಗಡಿಯವರು ಬಾಗಿಲು ಹಾಕಿದರು. ಮುಂದಿನ ಸಲ ತೆಳುವಾಗಿ ಪದರ ಪದರವಾಗಿ ಸುರಿದದ್ದು ನಿಂತಿತು, ಆದರೆ ವರ್ಷ ತುಂಬುವಷ್ಟರಲ್ಲಿ ಗೋಮೂತ್ರದ ಬಣ್ಣಕ್ಕೆ ತಿರುಗಿತು. ಮತ್ತೆ ಗಾಜಿಗೇ ಬಂದ.

ಐವತ್ತೈದು ದಾಟುವ ಹೊತ್ತಿಗೆ ಅವನ ಬೆರಳು ನಡುಗಲಾರಂಭಿಸಿತು. ಗಾಜು ಕೊಯ್ಯಲು ತೊಂದರೆಯಿರಲಿಲ್ಲ, ಮೀನು ಬರೆಯಲು ಆಗುತ್ತಿರಲಿಲ್ಲ. ಕುಂಚವನ್ನು ಆದಿಲಕ್ಷ್ಮಿ ತೆಗೆದುಕೊಂಡಳು. ಅವಳ ಮೀನುಗಳು ದಪ್ಪ, ಬಾಯಿ ಅಗಲ. ಕೆಲವರು ಹಳೆಯ ಮೀನೇ ಚೆನ್ನಾಗಿತ್ತು ಎಂದರು. ಗಂಡ ಹೆಂಡತಿ ಆ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷಕ್ಕೆ ಒಂದೋ ಎರಡೋ ಕೊಳ ಮಾಡುತ್ತಿದ್ದರು, ಉಳಿದ ದಿನ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದರು.