ಅಕ್ಕನ ಮೂರನೆಯ ನುಡಿ

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಗಂಡನಿಗೆ ಎಲ್ಲಿಲ್ಲದ ಹುರುಪು. ಸುರಪುರದ ನಡು ಊರಿನಲ್ಲಿ ಒಂದೇ ಸಂಜೆ ಆರು ಕಡೆ ಹಾಡು, ಕುಣಿತ, ಗೊಂಬೆಯಾಟ, ಚಿತ್ರಪ್ರದರ್ಶನ, ಟಿಕೆಟ್ ಇಲ್ಲ ಎಂಬ ಪಾಂಪ್ಲೆಟು ಯಾದಗಿರಿಯ ನಮ್ಮ ಮನೆಗೆ ಬಂದ ದಿನದಿಂದ ಅದನ್ನು ಬಸ್ಸಿನ ವೇಳಾಪಟ್ಟಿಯಂತೆ ಓದಿದ್ದೇ ಓದಿದ್ದು. ಯಾದಗಿರಿ, ಶಹಾಪುರ, ಸುರಪುರ ಅಂತ ಆಯುಷ್ಯವೆಲ್ಲ ಕಂಡಕ್ಟರಿಕೆ ಮಾಡಿದವರು. ನಿವೃತ್ತರಾದರೂ ಕಿವಿಯ ಮೇಲಿನ ಪೆನ್ನು ಇಳಿದಿಲ್ಲ. ಆ ಪೆನ್ನಿನಿಂದ ಆರಕ್ಕೆ ಆರೂ ವೇದಿಕೆಗೆ ಟಿಕ್ ಹಾಕಿದರು. ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುತ್ತವೆ ಎಂದು ತೋರಿಸಿದರೆ, "ಅಲ್ಲೊಂದೀಟು ಇಲ್ಲೊಂದೀಟು ನೋಡೂಣು" ಎಂದರು.

ನನಗೆ ಬೇಕಾಗಿದ್ದು ಒಂದೇ. ಏಳು ಗಂಟೆಗೆ ಶಾಲೆಯ ಮೈದಾನದಲ್ಲಿ ನನ್ನ ಅಕ್ಕನ ಹಾಡು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಸುತ್ತಲಿನ ಊರುಗಳಲ್ಲಿ ಯಾರದೇ ಮದುವೆಯಾಗಲಿ, ಅರಿಸಿನ ಹಚ್ಚುವಾಗ ಪದ ಹೇಳಲು ಅಕ್ಕ ಬೇಕು. ಹೋದಲ್ಲೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಒಂದು ಕೆಲಸವನ್ನೂ ವಹಿಸಿದ್ದಳು. ಅರಿಸಿನದ ಪದದ ಮೂರನೆಯ ನುಡಿ ಅವಳಿಗೆ ಮರೆತುಹೋಗುತ್ತದಂತೆ. ನಾನು ಎದುರಿಗೆ ಕೂತು ತುಟಿ ಆಡಿಸಬೇಕು, ಅದನ್ನು ನೋಡಿ ಅವಳು ಹಾಡಬೇಕು. ಏಳು ವರ್ಷದ ಹುಡುಗಿಗೆ ಅದೆಷ್ಟು ದೊಡ್ಡ ಜವಾಬ್ದಾರಿ. ಉಳಿದ ಮಕ್ಕಳು ಚಪ್ಪರದ ತುಂಬ ಓಡಾಡುತ್ತಿದ್ದರೆ ನಾನು ಮಾತ್ರ ಅಕ್ಕನ ಮುಂದೆ ಕದಲದೆ ಕೂತಿರುತ್ತಿದ್ದೆ. ದೊಡ್ಡವಳಾದ ಮೇಲೂ ಅದು ತಪ್ಪಲಿಲ್ಲ.

ಈಗ ಅರವತ್ತೆರಡನೆಯ ವಯಸ್ಸಿನಲ್ಲಿ ಅಕ್ಕ ಮೊದಲ ಸಲ ಮೈಕಿನ ಮುಂದೆ ನಿಲ್ಲುವವಳಿದ್ದಳು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಏನರ ಆಗ್ಲಿ, ಏಳಕ್ಕ ಎದುರಿಗೆ ಬಂದು ಕುಂದ್ರು."

ನಾಲ್ಕಕ್ಕೇ ಹೊರಟೆವು. ಶಹಾಪುರದಲ್ಲಿ ಬಸ್ಸು ನಿಂತಿತು. ಹೊಸ ಕಂಡಕ್ಟರು ನನ್ನ ಗಂಡನ ಕೈಕೆಳಗೆ ಕಲಿತವನಂತೆ. "ಗುರುಗಳ, ಚಾ ಕುಡೀದ ಹ್ಯಾಂಗ ಹೋಗ್ತೀರಿ" ಎಂದ. ಗುರುಗಳು ಇಳಿದರು, ಡ್ರೈವರೂ ಇಳಿದ. ಬಸ್ಸಿನ ತುಂಬ ಜನ ಕಿಟಕಿಯಿಂದ ನೋಡುತ್ತಿದ್ದರೆ ಆ ಮೂವರು ಬಸಿಯಲ್ಲಿ ಚಹಾ ಸುರುವಿಕೊಂಡು ಆರಿಸಿ ಆರಿಸಿ ಕುಡಿದರು. ಯಾರೂ ಬೈಯಲಿಲ್ಲ. ಅರ್ಧ ಬಸ್ಸಿಗೆ ನನ್ನ ಗಂಡ ಗೊತ್ತು.

ಸುರಪುರದಲ್ಲಿ ಇಳಿದಾಗ ಆರೂಕಾಲು. ಬಸ್ ನಿಲ್ದಾಣದ ಮುಂದೆ ಹಲಗಿ ಬಾರಿಸುವ ಮೇಳ. ಆ ಸದ್ದಿಗೆ ಎದೆ ಕುಣಿಯಿತು, ಸುಳ್ಳು ಹೇಳುವುದಿಲ್ಲ. ಮುಂದಿನ ಓಣಿಯಲ್ಲಿ ಬಂಗಾರದ ಬಣ್ಣದ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದರಲ್ಲಿ ರಾಣಿಯ ಮೂಗುತಿಯ ಮುತ್ತು ಅಕ್ಕಿಯ ನುಚ್ಚಿನಷ್ಟಿತ್ತು. ಇನ್ನೊಂದು ಗಳಿಗೆ ನಿಲ್ಲುತ್ತಿದ್ದೆ. ಆದರೆ ನಿಲ್ಲುವುದಾದರೆ ನಿಲ್ಲಬೇಕು, ನಡೆಯುವುದಾದರೆ ನಡೆಯಬೇಕು. ನನ್ನ ಗಂಡನ ಜೊತೆ ಇವೆರಡೂ ಆಗುವುದಿಲ್ಲ. ಹತ್ತು ಹೆಜ್ಜೆಗೊಬ್ಬರು "ಕಂಡಕ್ಟರ್ ಸಾಬ" ಎನ್ನುತ್ತಾರೆ. ಇವರು ಅವರ ಮಗಳ ಬಾಣಂತನದಿಂದ ಹಿಡಿದು ಎತ್ತಿನ ಕಾಲುನೋವಿನವರೆಗೆ ವಿಚಾರಿಸುತ್ತಾರೆ.

ಕೊನೆಗೆ ನಮ್ಮನ್ನು ಹಿಡಿದು ಕೂರಿಸಿದವರು ಬಳೆಯಂಗಡಿಯ ಮುದುಕರು. ಮೂವತ್ತು ವರ್ಷ ಬಳೆಯ ಪೆಟ್ಟಿಗೆಯನ್ನು ಇವರ ಬಸ್ಸಿನಲ್ಲೇ ಸಾಗಿಸಿದವರು. ಅಂಗಡಿಯ ಹಿಂದೆಯೇ ಮನೆ. "ಏನೂ ತಿನ್ನಲಾರದ ಹೋದ್ರ ನಮ್ಮ ಮನ್ಯಾಕಿ ನನಗ ಬಿಡಂಗಿಲ್ಲರಿ ಬೇಟಿ, ಸುಸಲಾ ಮಾಡ್ಯಾಳ, ಮಿರ್ಚಿ ಬಿಟ್ಟಾಳ" ಎಂದರು.

ಆಗ ಏಳಕ್ಕೆ ಹತ್ತು ನಿಮಿಷ. ನಾನು ಗಂಡನ ಅಂಗಿಯ ತೋಳು ಜಗ್ಗಿದೆ.

"ಏಳು ಅಂದ್ರ ಒಂಬತ್ತು. ದೀಪ ಹಚ್ಚಬೇಕು, ಭಾಷಣ ಆಗಬೇಕು, ಶಾಲು ಹೊಚ್ಚಬೇಕು. ನೀ ಸುಮ್ಮ ಕುಂದ್ರು" ಎಂದರು.

ಇದನ್ನು ನಾನೂ ನಂಬಿದೆ, ಅದೇ ನನ್ನ ತಪ್ಪು. ನಮ್ಮ ಕಡೆ ಕಾರ್ಯಕ್ರಮಗಳು ಹೇಳಿದ ಹೊತ್ತಿಗೆ ಶುರುವಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಗೊಣಗುತ್ತಲೇ ಒಗ್ಗರಣೆ ಮಂಡಕ್ಕಿಯ ತಟ್ಟೆ ತೆಗೆದುಕೊಂಡೆ.

ಎರಡನೆಯ ತುತ್ತಿಗೆ ಓಣಿಯ ಧ್ವನಿವರ್ಧಕದಲ್ಲಿ ಅಕ್ಕನ ದನಿ ಬಂತು, ಅದೇ ಅರಿಸಿನದ ಪದ.

ದೀಪ ಹಚ್ಚಬೇಕಾದ ಅತಿಥಿಗಳು ಬರುವುದಿಲ್ಲವೆಂದು ಫೋನ್ ಮಾಡಿದ್ದರಂತೆ. ಭಾಷಣವನ್ನೂ ಶಾಲನ್ನೂ ಕೈಬಿಟ್ಟು ಗಡಿಯಾರ ನೋಡಿ ಶುರುಮಾಡಿಬಿಟ್ಟಿದ್ದರು. ಅದು ಆಮೇಲೆ ಗೊತ್ತಾಯಿತು. ಆಗ ಗೊತ್ತಾದದ್ದು ಒಂದೇ, ಅಕ್ಕನ ಎದುರಿಗೆ ನಾನಿಲ್ಲ. ಮೊದಲ ನುಡಿ ಮುಗಿಯಿತು. ಎರಡನೆಯದೂ ಮುಗಿಯಿತು. ದನಿ ನಿಂತಿತು. ನಾನು ಆ ಮನೆಯ ಗೋಡೆಯ ಮುಂದೆ ತಟ್ಟೆ ಹಿಡಿದುಕೊಂಡು ತುಟಿ ಆಡಿಸಿದೆ. ಬಳೆಯಂಗಡಿಯವರ ಹೆಂಡತಿ ಗಾಬರಿಯಾಗಿ ನೀರು ತಂದರು. ಅಷ್ಟರಲ್ಲಿ ಅಕ್ಕ ಮತ್ತೆ ಮೊದಲ ನುಡಿಯಿಂದ ಎತ್ತಿಕೊಂಡಳು.

ತಟ್ಟೆಯನ್ನು ಗಂಡನ ಕೈಗೆ ಕೊಟ್ಟು ಓಡಿದೆ. ಐವತ್ತೆರಡರ ಹೆಂಗಸು, ಮಂಡಿನೋವು, ಇಳಕಲ್ ಸೀರೆ. ಗೊಂಬೆಯಾಟಕ್ಕೆ ನಿಂತ ಜನ ದಾರಿ ಬಿಡಲೊಲ್ಲರು. ಹಿಂದಿನಿಂದ ನನ್ನ ಗಂಡ, "ಮುಂದ ಸರೀರಿ, ಮುಂದ ಜಾಗಾ ಐತಿ" ಎಂದು ಹಳೆಯ ದನಿಯಲ್ಲಿ ಕೂಗಿದರು. ಜನ ಸರಿದರು. ಇಡೀ ದಿನದಲ್ಲಿ ಆ ಮನುಷ್ಯ ನನಗೆ ಮಾಡಿದ ಉಪಕಾರ ಅದೊಂದೇ. ತಲೆಯ ಮೇಲಿನ ಧ್ವನಿವರ್ಧಕಗಳಲ್ಲಿ ಅಕ್ಕ ಎರಡು ನುಡಿ ಹಾಡಿ ನಿಲ್ಲುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ನನಗೆ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಮೈದಾನ ಮುಟ್ಟಿದಾಗ ನಾಲ್ಕನೆಯ ಸುತ್ತು ನಡೆದಿತ್ತು. ಸಾಲು ಸಾಲು ಕುರ್ಚಿ, ಕೂತವರು ಹತ್ತು ಮಂದಿಯೂ ಇಲ್ಲ. ಊರಿಗೆ ಊರೇ ಏಳು ಅಂದರೆ ಒಂಬತ್ತು ಎಂದುಕೊಂಡಿತ್ತು. ವೇದಿಕೆಯ ಪಕ್ಕದಲ್ಲಿ ಒಬ್ಬಾತ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದ. ಅಕ್ಕ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಿಮ್ಮೇಳದ ನಾಲ್ವರು ಹೆಂಗಸರು ಅವಳ ಬೆನ್ನಿಗೆ ದನಿಗೂಡಿಸುತ್ತಲೇ ಇದ್ದರು. ನಾನು ಹೋಗಿ ಅತಿಥಿಗಳಿಗೆಂದು ಬಿಳಿ ಬಟ್ಟೆ ಹೊದಿಸಿಟ್ಟ ಸೋಫಾದ ಮೇಲೆ ಕೂತೆ.

"ಅಲ್ಲಿ ಕುಂದ್ರಬ್ಯಾಡ್ರಿ, ಸಾಹೇಬ್ರದು" ಎಂದ ಆತ.

"ನಿಮ್ಮ ಸಾಹೇಬ್ರು ಬಂದಿಲ್ಲ, ನಾ ಬಂದೀನಿ" ಎಂದೆ.

ಎರಡನೆಯ ನುಡಿ ಮುಗಿಯಿತು. ಅಕ್ಕ ನನ್ನನ್ನು ನೋಡಿದಳು. ನಾನು ಏದುಸಿರಿನಲ್ಲೇ ತುಟಿ ಆಡಿಸಿದೆ. ಅವಳು ಮೂರನೆಯ ನುಡಿ ಎತ್ತಿದಳು, ಕಣ್ಣು ಕದಲಿಸದೆ ಕೊನೆಯವರೆಗೆ ಹಾಡಿದಳು. ಅಷ್ಟು ಚಂದಾಗಿ ಅವಳು ಹಾಡಿದ್ದನ್ನು ನಾನು ಯಾವ ಮದುವೆಯಲ್ಲೂ ಕೇಳಿರಲಿಲ್ಲ.

ಕೆಳಗಿಳಿದು ಬಂದವಳ ಕೈಹಿಡಿದು, "ಅಕ್ಕ, ತಪ್ಪಾತು. ಮರೆತು ನಿಂತಿ, ನಾನಿದ್ದಿಲ್ಲ" ಎಂದೆ.

"ಮರೀಲಿಕ್ಕೇನಾಗೈತಿ?" ಎಂದಳು ಅಕ್ಕ, ಸೆರಗಿನಿಂದ ನನ್ನ ಹಣೆಯ ಬೆವರು ಒರೆಸುತ್ತ. "ಆ ನುಡಿ ನಾ ಎಂದೂ ಮರೆತಿಲ್ಲ. ತಿಂಥಣಿ ಮದವ್ಯಾಗ ನಾ ಪದ ಹೇಳೂ ಹೊತ್ತಿಗೆ ನೀ ಹೊಳಿಗೆ ಇಳದಿದ್ದಿ. ಯಾರೋ ಎತಗೊಂಡು ಬಂದ್ರು. ಆವತ್ತಿನಿಂದ ಈ ಸುಳ್ಳು ಹೇಳಿ ಎದುರಿಗೆ ಕುಂದ್ರಿಸಿಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತು. ನಲವತ್ತೈದು ವರ್ಷ ತುಟಿ ಆಡಿಸಿದ್ದೇನೆ. ಇನ್ನೊಂದು ಕಡೆ ಅಳುವೂ ಒತ್ತಿ ಬರುತ್ತಿತ್ತು, ಅದಕ್ಕೆ ದನಿ ಏರಿಸಿಯೇ ಕೇಳಿದೆ: "ಮತ್ತ ಇವತ್ತ್ಯಾಕ ನಿಂತಿ? ಹಾಡಿ ಮುಗಸಬೇಕಿತ್ತಲ್ಲ?"

ಅಷ್ಟರಲ್ಲಿ ನನ್ನ ಗಂಡ ಕಾಗದದಲ್ಲಿ ಮಿರ್ಚಿ ಕಟ್ಟಿಸಿಕೊಂಡು, ದಾರಿಯಲ್ಲಿ ಯಾರನ್ನೋ ಮಾತಾಡಿಸುತ್ತ, ನಿಧಾನಕ್ಕೆ ಮೈದಾನದೊಳಗೆ ಬಂದರು. ಅಕ್ಕ ಆ ಕಡೆ ನೋಡಿದಳು.

"ನೀ ಇಲ್ಲದ ಯಾರ ಮುಂದ ಹಾಡಲಿ, ಕುರ್ಚಿ ಮುಂದ? ನೀ ಬರೂದು ಗೊತ್ತಿತ್ತು" ಎಂದಳು. "ನಿನ್ನ ಗಂಡನ ಕೂಡ ಬರಾಕತ್ತಿದ್ದಿ. ಅದಕ್ಕ ನಾಕು ಸುತ್ತು ಬೇಕಾದ್ವು."