ಕಾರಿಗೂ ಎಣ್ಣೆನೀರು

ನಮ್ಮಪ್ಪ ಚಿಕ್ಕಬಳ್ಳಾಪುರದ ವಕೀಲರೊಬ್ಬರ ಕಾರಿನ ಡ್ರೈವರ್. ವಕೀಲರನ್ನು ಹಿಂದೆ ಕೂರಿಸಿಕೊಂಡು ಗೌರಿಬಿದನೂರು, ಚಿಂತಾಮಣಿ ಕೋರ್ಟುಗಳಿಗೆ ಅದೆಷ್ಟು ಸಲ ಓಡಾಡಿದ್ದರೋ. ಅಮ್ಮ ಮಾತ್ರ ಆ ಕಾರನ್ನು ಒಂದು ದಿನವೂ ಹತ್ತಿರಲಿಲ್ಲ. ಮಂಡಿಕಲ್ಲಿನ ತವರಿಗೆ ಅವಳು ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಒಮ್ಮೆ ವಕೀಲರೇ ಕಾರಿನಲ್ಲಿ ಕರೆದುಕೊಂಡು ಹೋಗಲು ಹೇಳಿದಾಗಲೂ, ಕಂಡವರ ಕಾರು ತನಗೆ ಬೇಡ, ನಮ್ಮದು ಅಂತ ಒಂದು ಬಂದಾಗ ಕೂರುತ್ತೇನೆ ಎಂದುಬಿಟ್ಟಿದ್ದಳು. ಬಿಗುಮಾನದಲ್ಲಿ ನಾನೂ ಅವಳ ಮಗಳೇ.

ಅರವತ್ತರ ದಶಕ ಶುರುವಾದಾಗ ವಕೀಲರು ಹೊಸ ಕಾರು ಕೊಂಡು, ಹಳೆಯದನ್ನು ಅಪ್ಪನಿಗೇ ಕೊಟ್ಟರು. ಎರಡನೇ ಮಹಾಯುದ್ಧಕ್ಕೂ ಮುಂಚಿನ ವಿಲಾಯಿತಿ ಗಾಡಿ. ಎಂಜಿನ್ ಗಟ್ಟಿಮುಟ್ಟಾಗಿತ್ತು, ಮೈಯೆಲ್ಲ ತುಕ್ಕು. ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ತಂದು, ಮನೆಯಂಗಳದ ಹೊಂಗೆ ಮರದ ಕೆಳಗೆ ಕಲ್ಲುಗಳ ಮೇಲೆ ಕೂರಿಸಿದೆವು. ಚಕ್ರಗಳು ಹೊಸ ಟೈರಿಗೆಂದು ಚಿಂತಾಮಣಿಗೆ ಹೋದವು. ಅಮ್ಮನ ಮಾತನ್ನು ಅಪ್ಪ ಮರೆತಿರಲಿಲ್ಲ. ಅವಳನ್ನು ಇದೇ ಕಾರಿನಲ್ಲಿ ಮಂಡಿಕಲ್ಲಿಗೆ ಕರೆದೊಯ್ಯಬೇಕು ಎನ್ನುವುದೊಂದೇ ಅವರ ಹಟ.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನಾನು ಸೆರಗು ಸಿಕ್ಕಿಸಿಕೊಂಡು ತುಕ್ಕು ತಿಕ್ಕಲು ಇಳಿದೆ. ಹೆಣ್ಣುಮಗಳಿಗೆ ಯಾಕೆ ಈ ಕೆಲಸ ಎಂದವರ ಕೈಗೆಲ್ಲ ಒಂದೊಂದು ಉಪ್ಪುಕಾಗದ ಕೊಟ್ಟು, ನೀವೇ ತಿಕ್ಕಿ ಎನ್ನುತ್ತಿದ್ದೆ. ಆಮೇಲೆ ಯಾರೂ ಕೇಳಲಿಲ್ಲ. ತುಕ್ಕು ತಿಂದು ತೂತಾದ ಕಡೆ ಅಪ್ಪ ತಗಡು ಕತ್ತರಿಸಿ ರಿವೆಟ್ ಹೊಡೆದರು. ಉಳಿದದ್ದನ್ನು ನಾನು ಕಬ್ಬಿಣ ಹೊಳೆಯುವ ತನಕ ತಿಕ್ಕದೆ ಬಿಡಲಿಲ್ಲ. ನನ್ನ ಕೈಕೆಲಸ ಹೊಗಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ಅಪ್ಪ ಬಣ್ಣದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಮ್ಮ ಹುಳುಮನೆಯಿಂದ ಹೊರಬಂದಳು. ಅವಳ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗಬಗಬನೆ ಸೊಪ್ಪು ಮೇಯುತ್ತಿದ್ದ ಹೊತ್ತು. ಗೂಡು ಕಟ್ಟುವ ಮೊದಲಿನ ಆ ದಿನಗಳಲ್ಲಿ ಘಾಟು ವಾಸನೆ ತಾಗಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ, ಬೆಳೆ ಹೋದಂತೆಯೇ. ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಕಾರಿನ ಗುಂಗಿನಲ್ಲಿ ಅಪ್ಪ ಮಗಳಿಬ್ಬರಿಗೂ ಮರೆತೇಹೋಗಿತ್ತು. ಅಮ್ಮ ಕೂಗಾಡಲಿಲ್ಲ. ಮುಚ್ಚಳ ಹಾಕಿ, ಗೂಡು ಬಿಡಿಸುವವರೆಗೂ ಬಣ್ಣವೂ ಇಲ್ಲ, ಸೀಮೆಎಣ್ಣೆಯೂ ಇಲ್ಲ ಎಂದಳು.

ಅಪ್ಪ ಆಕಾಶ ನೋಡಿದರು. ಮೋಡ ಕವಿಯುತ್ತಿತ್ತು. ಬರಿಮೈ ಕಬ್ಬಿಣದ ಮೇಲೆ ಮಳೆ ಬಿದ್ದರೆ ಮತ್ತೆ ತುಕ್ಕು. ಆಗಲೇ ತೆಳ್ಳಗಾಗಿದ್ದ ಆ ತಗಡು ಇನ್ನೊಂದು ಸಲದ ತಿಕ್ಕಾಟ ತಾಳುವಂತಿರಲಿಲ್ಲ. ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

"ನೇಗಿಲ ಗುಳಕ್ಕೆ ಹರಳೆಣ್ಣೆ ಸವರಲ್ವಾ? ಇದಕ್ಕೂ ಸವರಿ," ಎಂದಳು ಅಮ್ಮ.

"ಎಣ್ಣೆ ಮೇಲೆ ಬಣ್ಣ ನಿಲ್ಲಲ್ಲ ಕಣೇ."

"ತಲೆಗೆ ಹಚ್ಚಿದ್ದು ಹೋಗುತ್ತೆ, ತಗಡಿಗೆ ಹಚ್ಚಿದ್ದು ಹೋಗಲ್ವೇನಪ್ಪ? ಸೀಗೆಕಾಯಿ ಹಾಕಿ ತೊಳೆದುಕೊಡ್ತೀನಿ, ನನಗೆ ಬಿಡು," ಎಂದೆ ನಾನು.

ಆ ಸಂಜೆಯೇ ಮಳೆ ಬಂತು. ಅಷ್ಟರಲ್ಲಿ ಕಾರು ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಹಚ್ಚಿಕೊಂಡು ಕೂತಿತ್ತು. ಬಾಣಂತಿಗೂ ಇಷ್ಟು ಆರೈಕೆ ಇಲ್ಲವಲ್ಲ ಎಂದು ಬೀದಿಯವರು ಗೇಲಿ ಮಾಡಿದರು. ಹುಳು ಮೇವು ಬಿಟ್ಟು ಹಣ್ಣಾದವು, ಚಂದ್ರಿಕೆಯ ಬಿದಿರು ತಟ್ಟಿ ಏರಿದವು, ಗೂಡು ಕಟ್ಟಿದವು. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮರುದಿನವೇ ಅಮ್ಮ ಹಂಡೆಗೆ ಉರಿ ಹಾಕಿದಳು. ಅವಳು ಬಿಸಿನೀರು ಹೊಯ್ದಳು, ನಾನು ಸೀಗೆಪುಡಿ ಹಾಕಿ ಉಜ್ಜಿದೆ, ಅಪ್ಪ ಹಿಂದೆಯೇ ಒಣಬಟ್ಟೆಯಲ್ಲಿ ಒರೆಸಿದರು. ಎಣ್ಣೆಯ ಕೆಳಗೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಕಡುಹಸಿರು ಬಣ್ಣ ಎಲ್ಲ ಕಡೆ ಚೆನ್ನಾಗಿ ಹಿಡಿಯಿತು. ಮುಂದಿನ ಎಡಬಾಗಿಲಲ್ಲಿ ಮಾತ್ರ ರಿವೆಟ್ ಸಂದಿಯಲ್ಲಿ ಎಣ್ಣೆ ಉಳಿದು, ಅಂಗೈಯಗಲ ಸುಕ್ಕುಗಟ್ಟಿತು. ಅಷ್ಟು ದೃಷ್ಟಿಬೊಟ್ಟು ಇರಲಿ ಎಂದೆ.

ಚಕ್ರಗಳು ಬಂದವು. ಮಂಡಿಕಲ್ಲಿಗೆ ಹೊರಡುವ ಬೆಳಿಗ್ಗೆ ಅಮ್ಮ ಹೂ ಮುಡಿದು ಬಂದಳು. ಅಪ್ಪ, ಎಷ್ಟೋ ವರ್ಷದ ಅಭ್ಯಾಸ ನೋಡಿ, ಹಿಂದಿನ ಬಾಗಿಲು ತೆಗೆದು, ಸ್ವಲ್ಪ ಬಗ್ಗಿ ನಿಂತರು.

ಅಮ್ಮ ಅಲುಗಲಿಲ್ಲ.

"ಅದು ವಕೀಲರ ಜಾಗ," ಎಂದಳು. "ನಾನು ನಿಮ್ಮ ಪಕ್ಕ ಕೂತ್ಕೋತೀನಿ."

ಸುಕ್ಕುಗಟ್ಟಿದ ಬಾಗಿಲನ್ನು ತಾನೇ ತೆಗೆದು ಮುಂದೆ ಕೂತಳು. ಅಪ್ಪ ಇನ್ನೂ ಹಿಂದಿನ ಬಾಗಿಲು ಹಿಡಿದೇ ನಿಂತಿದ್ದರು. ಅದು ಯಾಕೆ ದಂಡವಾಗಬೇಕು ಎಂದು ನಾನು ಹತ್ತಿ, ವಕೀಲರ ಜಾಗದಲ್ಲಿ ಕಾಲು ಚಾಚಿ ಕೂತೆ.