ಸೇವಂತಿಗೆಯ ಪಾಲಿನ ಕತ್ತಲೆ

ಸೇವಂತಿಗೆಯ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಬರುವ ಕಹಿ ವಾಸನೆ ನಿಮಗೂ ಗೊತ್ತಿರಬೇಕು. ಹೂವಿನದಲ್ಲ, ಎಲೆಯದು, ಅರ್ಧ ಔಷಧಿಯಂತೆ, ಅರ್ಧ ಒದ್ದೆ ಮಣ್ಣಿನಂತೆ. ಕೊಪ್ಪಳದ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರಕ್ಕೆ ಕೂತು ಬಹಳ ವರ್ಷಗಳಾದವು. ಆದರೂ ಬೆಳಗ್ಗೆ ಬುಟ್ಟಿ ಬಿಚ್ಚಿದಾಗ ಆ ವಾಸನೆ ಮೂಗಿಗೆ ಬಡಿದರೆ ಕೈ ಒಂದು ಗಳಿಗೆ ನಿಂತುಬಿಡುತ್ತದೆ. "ಅಕ್ಕಾರ, ರೇಟ ಹೇಳೂದ ಮರತ್ರೇನ್ರಿ?" ಎಂದು ಗಿರಾಕಿಗಳು ನಗುತ್ತಾರೆ. ರೇಟು ನಾನು ಯಾವತ್ತೂ ಮರೆತವಳಲ್ಲ. ಮರೆಯಲಾಗದ್ದು ಭಾಗ್ಯನಗರದ ನಮ್ಮ ಹಿತ್ತಲು, ಅಲ್ಲಿ ಕುಕ್ಕರುಗಾಲಲ್ಲಿ ಕೂತು ಗಿಡದ ತುದಿ ಚಿವುಟುತ್ತಿದ್ದ ಆಯಿ, ನನ್ನಪ್ಪನ ತಾಯಿ.

ನಮ್ಮದು ಎರಡೇ ಖೋಲಿಯ ಮಣ್ಣಿನ ಮಾಳಿಗೆ ಮನೆ. ಮನೆಗಿಂತ ಹಿತ್ತಲೇ ದೊಡ್ಡದು. ಹಿತ್ತಲ ಗೋಡೆಯ ಆಚೆ ತಗಡಿನ ಕೆಲಸದ ಖಾಜಾ ಕಾಕಾ ಇದ್ದರು. ದಿನವಿಡೀ ಅವರ ಸುತ್ತಿಗೆಯ ಟಣಟಣ, ಈಚೆ ಆಯಿಯ ಬಳೆಯ ಸದ್ದು. ಕಾರಹುಣ್ಣಿಮೆ ಮುಗಿದ ಮೇಲೆ ಆಯಿ ಸಸಿ ಹಚ್ಚುತ್ತಿದ್ದಳು. ದೀಪಾವಳಿಗೆ ಹಿತ್ತಲೆಲ್ಲ ಹಳದಿ. ಮನೆಯಲ್ಲಿ ಎಲ್ಲದಕ್ಕೂ ಅಪ್ಪನ ಮಾತೇ ಮಾತು; ಆ ಹೂವಿನ ದುಡ್ಡಿಗೆ ಮಾತ್ರ ಆಯಿಯ ಮಾತು. ಅವಳ ಬದುಕಿನಲ್ಲಿ ಅವಳದು ಎಂದು ಇದ್ದದ್ದು ಅದೊಂದೇ. ಮಹಾನವಮಿ ಅಮಾವಾಸ್ಯೆಯ ಸುಮಾರಿಗೆ ಊಟ ಮುಗಿಸಿ ನಾವಿಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂಡುತ್ತಿದ್ದೆವು. ಕತ್ತಲೆ ಎಂದರೆ ಕಂಬಳಿಯಂಥ ಕತ್ತಲೆ. ಮುಖ ಕಾಣದು, ಮಾತು ಮಾತ್ರ. ಪೂರ್ವಕ್ಕೆ ಹಿಡಿಯಷ್ಟು ಸಣ್ಣ ಚುಕ್ಕಿಗಳ ಗುಂಪು ಮೂಡಿದ ಕೂಡಲೇ ಆಯಿ ನನ್ನ ಗದ್ದ ಹಿಡಿದು ಆ ಕಡೆ ತಿರುಗಿಸುವಳು. "ಗುಂಪಚುಕ್ಕಿ ಬಂದ್ವು ನೋಡ. ಇನ್ನ ಮಗ್ಗಿ ಕಾಣ್ತಾವ." ಮರುದಿನ ಬಗ್ಗಿ ನೋಡಿದರೆ ಮೆಣಸಿನ ಕಾಳಿನಷ್ಟು ಮೊಗ್ಗು ನಿಜಕ್ಕೂ ಇರುತ್ತಿದ್ದವು.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನಮ್ಮ ಓಣಿಗೊಂದು ದೊಡ್ಡ ದೀಪ ಬಂತು. ಮೂಲೆಮನೆಯವರು ತಮ್ಮ ಕಂಬಕ್ಕೆ ಹಾಕಿಸಬೇಕೆಂದು ನಿಂತಿದ್ದರು. ನನಗಾಗ ಹನ್ನೊಂದು ವರ್ಷ, ನಾಲಿಗೆಗೆ ಇಪ್ಪತ್ತು. ಲೈನ್‌ಮನ್ ಏಣಿ ಇಳಿಸುವ ಮೊದಲೇ ಎದುರು ಹೋಗಿ, "ಮಾಮಾ, ಆ ಕಂಬಕ್ಕ ಹಾಕಿದ್ರ ಅರ್ಧ ಬೆಳಕ ಅವರ ಗ್ವಾಡಿಗೇ ಹೋಗತೈತಿ. ನಮ್ಮ ಕಂಬಕ್ಕ ಹಾಕ್ರಿ, ಓಣಿ ತುಂಬ ಬೀಳತೈತಿ. ಚಾ ನಮ್ಮನ್ಯಾಗ," ಎಂದೆ. ಆತ ನಕ್ಕು, "ನೀ ದೊಡ್ಡಾಕಿ ಆದ್ರ ಊರ ಮಾರಿ ಬರ್ತಿ ನೋಡ," ಎನ್ನುತ್ತ ಏಣಿಯನ್ನು ನಮ್ಮ ಹಿತ್ತಲಿಗೆ ತಾಗಿದ ಓಣಿಯ ಕಂಬಕ್ಕೆ ಒರಗಿಸಿದ. ಅದು ನನ್ನ ಮೊದಲ ವ್ಯಾಪಾರ. ದೀಪ ಹೊತ್ತಿದ ಸಂಜೆ ನೀರಿಗೆ ಹೋಗುವ ಹೆಂಗಸರೆಲ್ಲ ನನ್ನ ಕೆನ್ನೆ ಹಿಂಡಿದರು. ಆಯಿಯೂ ತಲೆ ಸವರಿದಳು. ಆಮೇಲೆ ಕಲ್ಲಿನ ಮೇಲೆ ಕೂತು ಆಕಾಶ ನೋಡಿ, "ಚುಕ್ಕಿ ಎಲ್ಲಿ ಹೋದ್ವ?" ಎಂದಳು. ನಾನು ಗೆದ್ದ ಖುಷಿಯಲ್ಲಿದ್ದೆ.

ಆ ವರ್ಷ ಗಿಡಗಳು ನನ್ನ ಎದೆಮಟ್ಟ ಬೆಳೆದವು. ಕಡುಹಸಿರು, ತುಂಬಿದ ಎಲೆ, ಮೊಗ್ಗು ಮಾತ್ರ ಇಲ್ಲ. ಬನ್ನಿ ಹಬ್ಬ ಮುಗಿದರೂ ಇಲ್ಲ. ಆಯಿ ಗೊಬ್ಬರ ಹಾಕಿದಳು, ದೃಷ್ಟಿಗೆಂದು ನಿಂಬೆಹಣ್ಣು ಕಟ್ಟಿದಳು, ಸೋಮವಾರ ಒಪ್ಪತ್ತು ಹಿಡಿದಳು. ಒಂದು ಮುಂಜಾನೆ ಖಾಜಾ ಕಾಕಾ ಗೋಡೆಯ ಮೇಲಿಂದ ಇಣುಕಿ ಕರೆದರು. "ಯವ್ವಾ, ಇಲ್ಲಿ ಬರ್ರಿ. ನಿಮ್ಮ ಬಚ್ಚಲದ ಗ್ವಾಡಿ ನೆರಳ ಎಷ್ಟೈತಿ ಅಷ್ಟರಾಗ ಮಗ್ಗಿ ಅದಾವ ನೋಡ್ರಿ." ಹೌದು. ಬಚ್ಚಲ ಗೋಡೆ ದೀಪಕ್ಕೆ ಅಡ್ಡ ನಿಂತು ಹಿತ್ತಲಲ್ಲಿ ಓರೆಯಾಗಿ ಒಂದು ನೆರಳು ಚೆಲ್ಲುತ್ತಿತ್ತು. ಗೆರೆ ಎಳೆದಂತೆ ಆ ನೆರಳಿನೊಳಗಿನ ಗಿಡಗಳಿಗಷ್ಟೇ ಮೊಗ್ಗು. "ಆ ದೀಪ ಇವನ್ನ ಮಲಗಗೊಡವಲ್ದರಿ," ಎಂದರು ಕಾಕಾ.

"ಗಿಡಾನೂ ಮಲಗ್ತಾವೇನೋ ಖಾಜಾ?"

"ನಿಮ್ಮ ಸೊಸಿಗಿಂತ ಛಲೋ ಮಲಗ್ತಾವ್ರಿ!"

ಒಳಗಿಂದ ಅವ್ವ ಲಟ್ಟಣಿಗೆ ತೋರಿಸಿದಳು. ಎಲ್ಲರೂ ನಕ್ಕರು, ಆಯಿಯೂ ನಕ್ಕಳು. ಆ ದೀಪಾವಳಿಗೆ ಅವಳು ತನ್ನ ಬಾಗಿಲಿಗೆ ಪೇಟೆಯ ಹೂವು ಕೊಂಡು ತಂದಳು. ದೀಪ ತರಿಸಿದ್ದಕ್ಕೆ ನನ್ನನ್ನು ಬೈಯಲಿಲ್ಲ. ಅಪ್ಪ, "ಹೂವಿಲ್ಲದ ಹಿತ್ತಲ ಯಾಕ? ಅಲ್ಲೊಂದು ಖೋಲಿ ಎತ್ತಿ ಬಾಡಿಗಿ ಕೊಡೂನು," ಎಂದಾಗ ಅವಳು ಎಲೆ ಹೊಸಕುತ್ತ ಕೂತಿದ್ದಳು.

ತಂದ ದೀಪವನ್ನು ಹಿಂದಿರುಗಿಸಲು ನಾನು ಮನೆಮನೆ ತಿರುಗಿದೆ. ಯಾರು ಒಪ್ಪುತ್ತಾರೆ? "ಕತ್ತಲಿ ಕೊಡ್ರಿ ಅಂತ ಯಾರರ ಅರ್ಜಿ ಕೊಡ್ತಾರೇನವಾ?" ಎಂದ ಲೈನ್‌ಮನ್. ಅವನ ಮಾತೂ ಸುಳ್ಳಲ್ಲ. ಕೊಡ ಹೊತ್ತ ಹೆಂಗಸರಿಗೆ ಕಲ್ಲು ಕಾಣಬೇಕಿತ್ತು. ಕೊನೆಗೆ ದಾರಿ ತೋರಿಸಿದ್ದು ಖಾಜಾ ಕಾಕಾ. ಒಂದು ಎಣ್ಣೆಡಬ್ಬಿ ತಗೊಂಡು ತಳವನ್ನೂ ಒಂದು ಮಗ್ಗುಲನ್ನೂ ಕತ್ತರಿಸಿ, ಒಳಗೆ ಕಪ್ಪು ಬಣ್ಣ ಬಳಿದು, ದೀಪಕ್ಕೆ ಟೋಪಿ ಮಾಡಿದರು. ಲೈನ್‌ಮನ್ ಮತ್ತೊಂದು ಚಹಾಕ್ಕೆ ಅದನ್ನು ಕಟ್ಟಿಕೊಟ್ಟ. ಹಿತ್ತಲು ಕತ್ತಲಾಯಿತು, ರಸ್ತೆಗೆ ಬೀಳುವ ಬೆಳಕು ಮೊದಲಿನಷ್ಟೇ ಇತ್ತು. ಮರುವರ್ಷ ಹಿತ್ತಲೆಲ್ಲ ಮತ್ತೆ ಹಳದಿ. ಅಪ್ಪ ಖೋಲಿಯ ಮಾತು ಬಿಟ್ಟ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಬಿಳಿ ದೀಪಗಳು ಬಂದವು, ಕಂಬಕ್ಕೆರಡು. ಹಳೆಯ ದೀಪ ಇಳಿಸಿದವರು ಡಬ್ಬಿಯನ್ನೂ ನಮ್ಮ ಹಿತ್ತಲಿಗೆ ಎಸೆದು ಹೋದರು. ಮೂಲೆಯ ಅಂಗಡಿಯ ಬೋರ್ಡು, ಎದುರಿನ ಮಾಳಿಗೆಯ ಫೋಕಸ್ಸು. ಎಷ್ಟಕ್ಕೆ ಅಂತ ಟೋಪಿ ಹೊಲಿಯುವುದು? ಖಾಜಾ ಕಾಕಾ ಹೋದರು, ಎರಡು ವರ್ಷಕ್ಕೆ ಆಯಿಯೂ ಹೋದಳು. ಹಿತ್ತಲಿದ್ದಲ್ಲಿ ಈಗ ಮೂರು ಮಳಿಗೆ. ಶಟರ್ ಎಳೆದ ಮೇಲೂ ದೀಪ ಉರಿಯುತ್ತವೆ, ಯಾರಿಗೋ ಏನೋ. ಅಳವಂಡಿಯಿಂದ ಹೂವು ತರುವ ಸಂಜೆ ದೂರದಿಂದಲೇ ಊರು ಕಾಣುತ್ತದೆ, ಮೇಲೆ ಬೂದಿ ಎರಚಿದಂಥ ಆಕಾಶ.

ದೀಪ ಬೇಡ ಎನ್ನುವವಳಲ್ಲ ನಾನು. ಪುಕ್ಕಟೆ ಬುದ್ಧಿ ಹೇಳುತ್ತೇನೆ, ಬೇಕಾದರೆ ತಗೊಳ್ಳಿ: ದೀಪಕ್ಕೆ ಟೋಪಿ ಹಾಕಿ, ಮುಖ ನೆಲಕ್ಕೆ ತಿರುಗಿಸಿ, ಬಿಳಿಗಿಂತ ಹಳದಿ ಇರಲಿ, ಶಟರ್ ಎಳೆದಾಗ ಬಟನ್ನೂ ಒತ್ತಿ. ಆಕಾಶಕ್ಕೆ ಚೆಲ್ಲುವ ಬೆಳಕಿಗೂ ಬಿಲ್ಲು ಕಟ್ಟುವವರು ನೀವೇ. ಅಂಗಡಿಯವರಿಗೆ ಇದನ್ನೆಲ್ಲ ಹೇಳಿ ಹೇಳಿ ಬಾಯಿ ದಣಿದಿದೆ. ಹೌದ್ರಿ ಅಕ್ಕಾರ ಎನ್ನುತ್ತಾರೆ, ಮರುವಾರ ಇನ್ನೊಂದು ಫೋಕಸ್ ತರುತ್ತಾರೆ. ಅವರನ್ನೇನು ಅನ್ನಲಿ, ಈ ಓಣಿಗೆ ಮೊದಲ ದೀಪ ಚೌಕಾಸಿ ಮಾಡಿ ತಂದವಳು ನಾನೇ.

ನನ್ನ ಮಾಳಿಗೆಯ ಮೇಲೆ ಆಯಿಯ ಗಿಡದ ಸಂತಾನ ಒಂದು ಕುಂಡದಲ್ಲಿದೆ. ಮಳೆಗಾಲ ಮುಗಿಯುತ್ತ ಬಂದರೆ ದಿನಾ ಸಂಜೆ ಆ ತುಕ್ಕು ಹಿಡಿದ ಡಬ್ಬಿಯನ್ನು, ತೆರೆದ ಮಗ್ಗುಲು ಗೋಡೆಗೆ ಒತ್ತಿ, ಗಿಡದ ಮೇಲೆ ಕವುಚುತ್ತೇನೆ. ಅಂದು ದೀಪಕ್ಕೆ ಹೊದಿಸಿದ್ದು, ಇಂದು ಗಿಡಕ್ಕೆ. ಈ ವರ್ಷ ಆರು ಮೊಗ್ಗು ಬಂದಿವೆ. ಬೆಳಗ್ಗೆ ಡಬ್ಬಿ ಎತ್ತಿದರೆ ಒಳಗಿಂದ ಆ ಕಹಿ ವಾಸನೆ, ರಾತ್ರಿಯ ತಂಪಿನ ಜೊತೆ ಒಮ್ಮೆ ಮುಖಕ್ಕೆ ಬಡಿಯುತ್ತದೆ. ಆಯಿಯ ಹಿತ್ತಲಿನ ಕತ್ತಲೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಒಂದು ಡಬ್ಬಿಯಷ್ಟು.